ಕತ್ತಲೆಯ ಕೋಣೆಯ ಭಾಷ್ಯಕಾರರು

ಚಿತ್ರವು ಕೈಯ ಕೆಲಸ, ಛಾಯಾಚಿತ್ರವು ಯಂತ್ರದ ಕೆಲಸ ಎಂಬ ಮಾತು ಲೋಕದಲ್ಲಿ ಬಹುಕಾಲದಿಂದ ರೂಢವಾಗಿದೆ. ಗುಂಡಿಯನ್ನೊತ್ತಿದರೆ ಸಾಕು, ಎದುರಿಗಿದ್ದುದು ಇದ್ದ ಹಾಗೆಯೇ ಮೂಡುವುದು. ಇದರಲ್ಲಿ ಮನುಷ್ಯನ ಬುದ್ಧಿಗೆ ಏನು ಕೆಲಸ, ರಸಕ್ಕೆ ಏನು ಅವಕಾಶ ಎಂದು ಕೇಳುವವರು ಇಂದಿಗೂ ಉಂಟು. ಮನೆಮನೆಯ ಮೊಬೈಲಿನಲ್ಲಿ ದಿನಕ್ಕೆ ಹತ್ತಾರು ಬಣ್ಣದ ಚಿತ್ರಗಳು ಹುಟ್ಟುತ್ತಿರುವ ಈ ದಿನಗಳಲ್ಲಂತೂ ಆ ಪ್ರಶ್ನೆಗೆ ಇನ್ನಷ್ಟು ಬಲ ಬಂದಿದೆ. ಆದಕಾರಣ ಈ ತಿಂಗಳು ನಾವು ಬಣ್ಣವಿಲ್ಲದ ಕಪ್ಪು ಬಿಳುಪಿನ ಛಾಯಾಚಿತ್ರವನ್ನೂ, ಅದನ್ನು ಕತ್ತಲೆಯ ಕೋಣೆಯಲ್ಲಿ ಕಾಗದದ ಮೇಲೆ ಇಳಿಸುವ ವಿದ್ಯೆಯನ್ನೂ ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಯಂತ್ರದ ಕೆಲಸವು ಎಲ್ಲಿ ಮುಗಿಯುವುದು, ಮನುಷ್ಯನ ಹೊಣೆಯು ಎಲ್ಲಿ ತೊಡಗುವುದು ಎಂಬುದು ಆ ಕೋಣೆಯಲ್ಲಿ ಚೆನ್ನಾಗಿ ತಿಳಿಯುವುದು.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. 1839 ರಲ್ಲಿ ಫ್ರಾನ್ಸ್ ದೇಶದ ಡಾಗೇರ್ ಅವರು ಲೋಕಕ್ಕೆ ತೋರಿಸಿಕೊಟ್ಟ ಛಾಯಾಚಿತ್ರವು ಬೆಳ್ಳಿಯ ಲೇಪವುಳ್ಳ ತಾಮ್ರದ ತಗಡಿನ ಮೇಲೆ ಮೂಡುತ್ತಿದ್ದಿತು. ಅದು ನೋಡಲು ಸೊಗಸಾದರೂ ಒಂದಕ್ಕೆ ಒಂದೇ; ಎರಡನೆಯ ಪ್ರತಿ ಬೇಕೆಂದರೆ ಇನ್ನೊಮ್ಮೆ ಹೋಗಿ ಕುಳಿತುಕೊಳ್ಳಬೇಕು. ಇಂಗ್ಲೆಂಡಿನ ಟಾಲ್ಬಟ್ ಅವರು ಬೇರೆ ದಾರಿ ಹಿಡಿದರು. 1835 ರಲ್ಲಿಯೇ ಅವರು ತಮ್ಮ ಲೇಕಾಕ್ ಮನೆಯ ಒಂದು ಜಾಲಂಧ್ರದ ಚಿತ್ರವನ್ನು ಅಂಚೆಚೀಟಿಯಷ್ಟು ಪುಟ್ಟ ಕಾಗದದ ಮೇಲೆ ಹಿಡಿದಿದ್ದರು. ಅದರಲ್ಲಿ ಬೆಳಕಿದ್ದೆಡೆ ಕಪ್ಪು, ನೆರಳಿದ್ದೆಡೆ ಬಿಳುಪು, ಎಲ್ಲವೂ ತಿರುವುಮುರುವು. ಆ ವಿಪರೀತ ಬಿಂಬದ ಮೂಲಕ ಮತ್ತೆ ಬೆಳಕು ಹಾಯಿಸಿದರೆ ಸರಿಯಾದ ಚಿತ್ರ ಬರುವುದು. ಎಷ್ಟು ಸಲ ಹಾಯಿಸಿದರೆ ಅಷ್ಟು ಪ್ರತಿಗಳು. ಈ ವಿಪರೀತ ಬಿಂಬಕ್ಕೆ ‘ನೆಗೆಟಿವ್’ ಎಂಬ ಹೆಸರನ್ನು ಚಲಾವಣೆಗೆ ತಂದವರು ಜಾನ್ ಹರ್ಷೆಲ್ ಎಂಬ ಖಗೋಳಪಂಡಿತರು. ಬೆಳ್ಳಿಯ ಲವಣಗಳನ್ನು ಕರಗಿಸುವ ಹೈಪೋ ಎಂಬ ದ್ರವ್ಯದ ಗುಣವನ್ನು 1819 ರಲ್ಲಿ ಕಂಡವರೂ ಅವರೇ. ಅದಿಲ್ಲದಿದ್ದರೆ ಛಾಯಾಚಿತ್ರವು ಬೆಳಕಿಗೆ ತಂದೊಡನೆ ಕಪ್ಪಾಗಿ ಹೋಗುತ್ತಿದ್ದಿತು.

ಇಲ್ಲಿ ಒಂದು ಮಾತನ್ನು ವಾಚಕರು ಗಮನಿಸಬೇಕು. ನೆಗೆಟಿವ್ ಹುಟ್ಟಿದ ದಿನವೇ ಛಾಯಾಚಿತ್ರವು ಎರಡು ಹುಟ್ಟುಳ್ಳದ್ದಾಯಿತು. ಮೊದಲನೆಯ ಹುಟ್ಟು ಕ್ಯಾಮರಾದಲ್ಲಿ, ಕ್ಷಣಮಾತ್ರದಲ್ಲಿ. ಎರಡನೆಯದು ಕತ್ತಲೆಯ ಕೋಣೆಯಲ್ಲಿ, ಗಂಟೆಗಟ್ಟಲೆಯ, ಕೆಲವು ವೇಳೆ ವರ್ಷಗಟ್ಟಲೆಯ ಶ್ರಮದಲ್ಲಿ. ಲೋಕವು ಮೊದಲನೆಯದನ್ನು ಮಾತ್ರ ಕಂಡು ಯಂತ್ರದ ಕೆಲಸವೆಂದು ಕರೆಯಿತು.

ಆ ಕೋಣೆಯೊಳಗಿನ ವ್ಯಾಪಾರವನ್ನು ಸಂಗ್ರಹವಾಗಿ ಹೇಳುವೆವು. ಮುದ್ರಣದ ಸಾಧಾರಣ ಕಾಗದಕ್ಕೆ ಕೆಂಪು ಬೆಳಕು ನಾಟುವುದಿಲ್ಲವಾದ್ದರಿಂದ ಅಲ್ಲಿ ಮಂದವಾದ ಕೆಂಪು ದೀಪವೊಂದು ಉರಿಯುತ್ತಿರುವುದು. ಎನ್‌ಲಾರ್ಜರ್ ಎಂಬ ಯಂತ್ರವು ನೆಗೆಟಿವಿನ ಮೂಲಕ ಬೆಳಕನ್ನು ಹಾಯಿಸಿ, ಅದರ ಬಿಂಬವನ್ನು ಹಿಗ್ಗಿಸಿ, ಕೆಳಗಿನ ಕಾಗದದ ಮೇಲೆ ಬೀಳಿಸುವುದು. ಹತ್ತೋ ಇಪ್ಪತ್ತೋ ಸೆಕೆಂಡು ಬೆಳಕು ತಾಗಿದ ಮೇಲೂ ಕಾಗದವು ಬರಿಯ ಬಿಳಿಯ ಕಾಗದವಾಗಿಯೇ ಕಾಣುವುದು. ಚಿತ್ರವು ಅದರೊಳಗೆ ಅವ್ಯಕ್ತವಾಗಿ ಅಡಗಿರುವುದು. ಡೆವಲಪರ್ ಎಂಬ ದ್ರಾವಣವಿರುವ ತಟ್ಟೆಯಲ್ಲಿ ಮುಳುಗಿಸಿ ಮೆಲ್ಲನೆ ಅಲುಗಿಸುತ್ತಿರಲು, ಬೆಳಕು ತಾಗಿದ ಕಡೆಯ ಲವಣವು ಕಪ್ಪು ಬೆಳ್ಳಿಯಾಗಿ ಮಾರ್ಪಟ್ಟು, ಅರ್ಧ ನಿಮಿಷದೊಳಗೆ ಮೊದಲ ರೇಖೆಗಳು ಮೂಡುವುವು. ಎರಡನೆಯ ತಟ್ಟೆಯ ಹುಳಿನೀರು ಆ ಕ್ರಿಯೆಯನ್ನು ನಿಲ್ಲಿಸುವುದು. ಮೂರನೆಯದರಲ್ಲಿರುವ ಹೈಪೋ ಉಳಿದ ಲವಣವನ್ನು ಕರಗಿಸುವುದು. ಬಳಿಕ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಇಷ್ಟನ್ನು ಯಾವ ಹುಡುಗನಾದರೂ ಒಂದು ದಿನದಲ್ಲಿ ಕಲಿಯಬಹುದು.

ವಿದ್ಯೆಯಿರುವುದು ಇದರ ನಡುವಿನಲ್ಲಿ. ಬೆಳಕು ಕಾಗದದ ಮೇಲೆ ಬೀಳುತ್ತಿರುವ ಆ ಕೆಲವು ಸೆಕೆಂಡುಗಳಲ್ಲಿ ಮುದ್ರಕನು ತನ್ನ ಕೈಯನ್ನೋ, ಕಡ್ಡಿಯ ತುದಿಗೆ ಅಂಟಿಸಿದ ರಟ್ಟಿನ ಚೂರನ್ನೋ ಅಡ್ಡ ಹಿಡಿದು ಒಂದು ಭಾಗಕ್ಕೆ ಬೆಳಕನ್ನು ಕಡಮೆ ಮಾಡಬಹುದು. ಅಷ್ಟು ಭಾಗವು ಚಿತ್ರದಲ್ಲಿ ತಿಳಿಯಾಗುವುದು. ತೂತು ಕೊರೆದ ರಟ್ಟನ್ನು ಹಿಡಿದು ಇನ್ನೊಂದು ಭಾಗಕ್ಕೆ ಹೆಚ್ಚು ಬೆಳಕು ಉಣಿಸಬಹುದು. ಅಷ್ಟು ಭಾಗವು ಗಾಢವಾಗುವುದು. ಕೈ ಒಂದೆಡೆ ನಿಂತರೆ ಗೆರೆ ಬೀಳುವುದರಿಂದ ಅದು ಸದಾ ಆಡುತ್ತಿರಬೇಕು. ಒದ್ದೆಯ ಕಾಗದದಲ್ಲಿ ಸರಿಯೆಂದು ಕಂಡದ್ದು ಒಣಗಿದ ಮೇಲೆ ಒಂದಿಷ್ಟು ಕಪ್ಪೇರುವುದು; ಅದನ್ನೂ ಮೊದಲೇ ಎಣಿಸಿರಬೇಕು. ಅಮೆರಿಕದ ಪ್ರಸಿದ್ಧ ಛಾಯಾಚಿತ್ರಕಾರರಾದ ಆನ್ಸೆಲ್ ಆಡಮ್ಸ್ ಅವರು ಒಣಗಿದ ಮೇಲಿನ ರೂಪವನ್ನು ಬೇಗ ತಿಳಿಯುವುದಕ್ಕಾಗಿ ಪರೀಕ್ಷೆಯ ಪ್ರತಿಗಳನ್ನು ಅಡಿಗೆಮನೆಯ ಮೈಕ್ರೋವೇವ್ ಒಲೆಯಲ್ಲಿಟ್ಟು ಒಣಗಿಸುತ್ತಿದ್ದರಂತೆ.

ಈ ಆಡಮ್ಸರ ಒಂದು ಚಿತ್ರದ ಚರಿತ್ರೆಯನ್ನು ಹೇಳಿದರೆ ನಮ್ಮ ಅಭಿಪ್ರಾಯವು ವಿಶದವಾಗುವುದು. ಅವರು 1902 ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಹುಟ್ಟಿದವರು. ಪಿಯಾನೋ ವಾದ್ಯದಲ್ಲಿ ಕ್ರಮವಾಗಿ ಅಭ್ಯಾಸ ಮಾಡಿ ಅದನ್ನೇ ವೃತ್ತಿಯಾಗಿ ಹಿಡಿಯಬೇಕೆಂದಿದ್ದು, ಬಳಿಕ ಕ್ಯಾಮರಾಕ್ಕೆ ಒಲಿದವರು. 1941 ರ ಶರತ್ಕಾಲದಲ್ಲಿ ನ್ಯೂ ಮೆಕ್ಸಿಕೋ ಸಂಸ್ಥಾನದಲ್ಲಿ ಒಂದು ದಿನವೆಲ್ಲ ತಿರುಗಿ, ಮನಸ್ಸಿಗೆ ಒಪ್ಪುವ ಚಿತ್ರವೊಂದೂ ಸಿಕ್ಕದೆ, ಮಗನೊಡನೆಯೂ ಮಿತ್ರನೊಡನೆಯೂ ಸಂಜೆಗೆ ಮೋಟಾರಿನಲ್ಲಿ ಹಿಂದಿರುಗುತ್ತಿದ್ದರು. ಹರ್ನಾಂಡೆಜ್ ಎಂಬ ಚಿಕ್ಕ ಹಳ್ಳಿಯ ಬಳಿ ಪಕ್ಕಕ್ಕೆ ತಿರುಗಿ ನೋಡಲು, ಪೂರ್ವದಲ್ಲಿ ಹಿಮದ ಬೆಟ್ಟಗಳ ಮೇಲೆ ಚಂದ್ರನು ಏರಿದ್ದನು. ಪಶ್ಚಿಮದಲ್ಲಿ ಮುಳುಗುತ್ತಿದ್ದ ಸೂರ್ಯನ ಕಡೆಯ ಕಿರಣಗಳು ಇಗರ್ಜಿಯ ಪಕ್ಕದ ಸ್ಮಶಾನದ ಬಿಳಿಯ ಶಿಲುಬೆಗಳ ಮೇಲೆ ಹೊಳೆಯುತ್ತಿದ್ದುವು.

ಆಡಮ್ಸರು ಗಾಡಿಯನ್ನು ನಿಲ್ಲಿಸಿ, ಎಂಟಂಗುಲ ಹತ್ತಂಗುಲದ ಫಿಲ್ಮು ಹಾಕುವ ದೊಡ್ಡ ಕ್ಯಾಮರಾವನ್ನು ಅವಸರ ಅವಸರವಾಗಿ ಜೋಡಿಸಿದರು. ಬೆಳಕನ್ನು ಅಳೆಯುವ ಮಾಪಕವು ಎಷ್ಟು ಹುಡುಕಿದರೂ ಸಿಕ್ಕಲಿಲ್ಲ. ಆಗ ಅವರಿಗೆ ಚಂದ್ರನ ಕಾಂತಿಯ ಪ್ರಮಾಣವು ನೆನಪಿಗೆ ಬಂದಿತು: ಚದರಡಿಗೆ 250 ಕ್ಯಾಂಡಲ್. ಅದೊಂದೇ ಆಧಾರದಿಂದ ಮನಸ್ಸಿನಲ್ಲಿಯೇ ಲೆಕ್ಕ ಹಾಕಿ ಒಂದು ಸೆಕೆಂಡು ಬೆಳಕು ಕೊಟ್ಟರು. ಇನ್ನೊಂದು ನೆಗೆಟಿವನ್ನೂ ತೆಗೆದಿಟ್ಟುಕೊಳ್ಳೋಣವೆಂದು ಫಿಲ್ಮನ್ನು ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಮಾಯವಾಯಿತು. ಉಳಿದದ್ದು ಒಂದೇ ಒಂದು ನೆಗೆಟಿವ್. ತಾರೀಖನ್ನು ಅವರು ಬರೆದಿಟ್ಟಿರಲಿಲ್ಲ. 1991 ರಲ್ಲಿ ಡೆನಿಸ್ ಡಿ ಸಿಕೋ ಎಂಬವರು ಚಿತ್ರದಲ್ಲಿರುವ ಚಂದ್ರನ ಸ್ಥಾನವನ್ನು ಗಣಿತದಿಂದ ಸಾಧಿಸಿ, ಅದು 1941 ರ ನವೆಂಬರ್ 1 ರ ಸಂಜೆ 4 ಗಂಟೆ 49 ನಿಮಿಷದ ವೇಳೆಯೆಂದು ನಿರ್ಣಯಿಸಿದರು. ಕಾಲವನ್ನು ಚಂದ್ರನಿಂದಲೇ ಎಣಿಸುವ ಪಂಚಾಂಗದ ನಾಡಿನವರಾದ ನಮಗೆ ಇದು ವಿಶೇಷವಾಗಿ ಸಂತೋಷ ಕೊಡುವ ಸಂಗತಿ.

ಹಾಗೆ ಕೈಗೆ ಬಂದ ನೆಗೆಟಿವ್ ಸುಲಭವಾದದ್ದಾಗಿರಲಿಲ್ಲ. ಕೆಳಗಿನ ನೆಲದ ಭಾಗವು ತೀರ ತೆಳುವಾಗಿದ್ದಿತು. ಮೇಲಿನ ಆಕಾಶದಲ್ಲಿ ಮೋಡದ ಎಳೆಗಳು ಅಡ್ಡಾದಿಡ್ಡಿಯಾಗಿ ಹರಡಿದ್ದುವು. ಮೊದಮೊದಲಿನ ಪ್ರತಿಗಳಲ್ಲಿ ಆ ಮೋಡಗಳು ಕಾಣುವುವು, ಆಕಾಶವೂ ಬೂದುಬಣ್ಣವಾಗಿರುವುದು. 1948 ರಲ್ಲಿ ಅವರು ಆ ಒಂದೇ ನೆಗೆಟಿವಿನ ಕೆಳಭಾಗವನ್ನು ಮಾತ್ರ ರಾಸಾಯನಿಕ ದ್ರಾವಣದಲ್ಲಿ ಅದ್ದಿ ಗಾಢಗೊಳಿಸಿದರು. ಕೈ ತಪ್ಪಿದ್ದರೆ ಎಲ್ಲವೂ ಹಾಳಾಗುತ್ತಿದ್ದಿತೆಂಬುದನ್ನು ನೆನೆದರೆ ಅದು ಎಷ್ಟು ಧೈರ್ಯದ ಕೆಲಸವೆಂದು ತಿಳಿಯುವುದು. ಅಲ್ಲಿಂದ ಮುಂದೆ ದಶಕಗಳು ಕಳೆದಂತೆ ಆಕಾಶಕ್ಕೆ ಹೆಚ್ಚು ಹೆಚ್ಚು ಬೆಳಕು ಉಣಿಸುತ್ತ ಬಂದರು. 1970 ರ ದಶಕದ ಪ್ರತಿಗಳಲ್ಲಿ ಆಕಾಶವು ಹೆಚ್ಚು ಕಡಮೆ ಅಚ್ಚ ಕಪ್ಪಾಗಿ, ಅದರ ನಡುವೆ ಚಂದ್ರನೊಬ್ಬನೇ ನಿಂತಿರುವನು. 1984 ರಲ್ಲಿ ತೀರಿಕೊಳ್ಳುವುದರೊಳಗೆ ಆ ಒಂದೇ ನೆಗೆಟಿವಿನಿಂದ ಅವರು ಸಾವಿರಕ್ಕೂ ಹೆಚ್ಚು ಪ್ರತಿಗಳನ್ನು ತೆಗೆದರು. ಕ್ಯಾಮರಾದ ಕೆಲಸ ಒಂದು ಸೆಕೆಂಡು. ಕತ್ತಲೆಯ ಕೋಣೆಯ ಕೆಲಸ ನಾಲ್ವತ್ತು ವರ್ಷ.

ನೆಗೆಟಿವ್ ಎಂಬುದು ವಾಗ್ಗೇಯಕಾರನ ಸ್ವರಲಿಪಿಯಂತೆ, ಪ್ರತಿಯು ಅದರ ಗಾಯನದಂತೆ ಎಂದು ಸಂಗೀತಗಾರರಾದ ಆಡಮ್ಸರು ಹೋಲಿಸುತ್ತಿದ್ದರು. ಕೃತಿಯೊಂದನ್ನು ಒಬ್ಬ ವಿದ್ವಾಂಸರು ಹಾಡಿದಂತೆ ಇನ್ನೊಬ್ಬರು ಹಾಡಲಾರರು. ಒಬ್ಬರೇ ಹರೆಯದಲ್ಲಿ ಹಾಡಿದಂತೆ ವೃದ್ಧಾಪ್ಯದಲ್ಲಿ ಹಾಡಲಾರರು. ವ್ಯಾಕರಣವನ್ನು ಓದಿ ಓದಿಸಿದ ನಮಗೆ ಇದನ್ನೇ ಬೇರೆ ಮಾತಿನಲ್ಲಿ ಹೇಳಬೇಕೆನಿಸುವುದು. ನೆಗೆಟಿವ್ ಸೂತ್ರ, ಪ್ರತಿಯು ಭಾಷ್ಯ. ಸೂತ್ರದಲ್ಲಿ ಅಕ್ಷರಗಳು ಮಿತ, ಅರ್ಥವು ಅಡಕ. ಯಾವುದನ್ನು ಬಿಡಿಸಿ ಹೇಳಬೇಕು, ಯಾವುದನ್ನು ಸೂಚಿಸಿ ಬಿಡಬೇಕು, ಯಾವುದಕ್ಕೆ ಪ್ರಾಧಾನ್ಯ ಎಂಬುದನ್ನು ಭಾಷ್ಯಕಾರನು ವಿವೇಚಿಸಬೇಕು. ಬೆಳಕಿನ ಮೆಟ್ಟಿಲುಗಳನ್ನು ಕಡುಗಪ್ಪಿನಿಂದ ಅಚ್ಚ ಬಿಳುಪಿನವರೆಗೆ ಹನ್ನೊಂದೆಂದು ಎಣಿಸಿ, ಫ್ರೆಡ್ ಆರ್ಚರ್ ಎಂಬವರೊಡನೆ 1940 ರ ಸುಮಾರಿನಲ್ಲಿ ಆಡಮ್ಸರು ರಚಿಸಿದ ಪದ್ಧತಿಯು ಈ ವಿವೇಚನೆಗೆ ವ್ಯಾಕರಣವಿದ್ದಂತೆ. ವ್ಯಾಕರಣವು ತಪ್ಪನ್ನು ತಡೆಯುವುದೇ ಹೊರತು ಏನನ್ನು ಹೇಳಬೇಕೆಂಬುದನ್ನು ಹೇಳಿಕೊಡದು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು. ಆ ಸಂಜೆಯ ಆಕಾಶವು ನಿಜವಾಗಿ ಅಷ್ಟು ಕಪ್ಪಾಗಿರಲಿಲ್ಲವಷ್ಟೆ; ಸೂರ್ಯನು ಇನ್ನೂ ಮುಳುಗಿರಲಿಲ್ಲ. ಹಾಗಾದರೆ ಕಪ್ಪು ಮಾಡಿ ತೋರಿಸುವುದು ಮೋಸವಲ್ಲವೆ? ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ನಮ್ಮ ಸಮಾಧಾನವಿದು: ಬಣ್ಣದ ಲೋಕವನ್ನು ಕಪ್ಪು ಬಿಳುಪಿಗೆ ಇಳಿಸಿದಾಗಲೇ ಛಾಯಾಚಿತ್ರವು ಕಣ್ಣಿನ ಸಾಕ್ಷ್ಯವನ್ನು ದಾಟಿತು. ಕೆಂಪು ಹೂವಿಗೂ ಹಸಿರು ಎಲೆಗೂ ಎಷ್ಟೆಷ್ಟು ಬೂದುಬಣ್ಣ ಕೊಡಬೇಕೆಂದು ಪ್ರಕೃತಿಯು ಎಲ್ಲಿಯೂ ವಿಧಿಸಿಲ್ಲ, ಯಾರಾದರೂ ತೀರ್ಮಾನಿಸಲೇಬೇಕು. ಆಡಮ್ಸರು ಚಂದ್ರನನ್ನು ತಂದು ಅಂಟಿಸಲಿಲ್ಲ, ಶಿಲುಬೆಗಳನ್ನು ನೆಡಲಿಲ್ಲ. ಸೂತ್ರದಲ್ಲಿ ಇದ್ದ ಪದಗಳಲ್ಲಿ ಕೆಲವನ್ನು ಮೆಲ್ಲನೆಯೂ ಕೆಲವನ್ನು ಗಟ್ಟಿಯಾಗಿಯೂ ಓದಿದರು, ಅಷ್ಟೆ.

ಮೇರೆಯನ್ನು ಮೀರಿದ ಉದಾಹರಣೆಯೂ ಉಂಟು. ಯೂಜೀನ್ ಸ್ಮಿತ್ ಎಂಬ ಮಹಾನಿಪುಣ ಮುದ್ರಕರು ಆಫ್ರಿಕದ ಲಾಂಬರೇನೆಯಲ್ಲಿ ಆಸ್ಪತ್ರೆ ಕಟ್ಟಿದ ಆಲ್ಬರ್ಟ್ ಶ್ವೈಟ್ಸರ್ ಅವರ ಚಿತ್ರಗಳನ್ನು ತೆಗೆದರು. ಅವು 1954 ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಪ್ರಕಟವಾದುವು. ಅವುಗಳಲ್ಲಿ ಒಂದರ ಮೂಲೆಯಲ್ಲಿ ಕಾಣುವ ಗರಗಸದ ಹಿಡಿಯೂ ಕೈಯೂ ಬೇರೆ ನೆಗೆಟಿವಿನಿಂದ ತಂದು ಸೇರಿಸಿದವು. ಚಿತ್ರವು ಅದರಿಂದ ಸುಂದರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸುದ್ದಿಯ ಪತ್ರಿಕೆಯಲ್ಲಿ ಅದನ್ನು ನೋಡಿದವರು, ಇದು ಆ ಕ್ಷಣದಲ್ಲಿ ಆ ಸ್ಥಳದಲ್ಲಿ ಇದ್ದುದೆಂದು ನಂಬಿದರು. ಸೂತ್ರದಲ್ಲಿಲ್ಲದ ಪದವನ್ನು ಸೂತ್ರಕಾರನ ಬಾಯಲ್ಲಿ ಹಾಕಿದ ಭಾಷ್ಯವು ಎಷ್ಟು ಸೊಗಸಾಗಿದ್ದರೂ ಪ್ರಮಾಣವಾಗಲಾರದು. ಒತ್ತಿ ಹೇಳುವುದು ಬೇರೆ, ಸೇರಿಸಿ ಹೇಳುವುದು ಬೇರೆ. ಗುಂಡಿಯೊತ್ತಿದರೆ ಹಿನ್ನೆಲೆಯ ಜನರು ಅಳಿಸಿಹೋಗುವ ಇಂದಿನ ಕಾಲದಲ್ಲಿ ಈ ಭೇದವನ್ನು ಮಕ್ಕಳಿಗೆ ಹೇಳಿಕೊಡುವುದು ನಮ್ಮೆಲ್ಲರ ಕರ್ತವ್ಯ.

ಇನ್ನು ಸೂತ್ರಕಾರನೂ ಭಾಷ್ಯಕಾರನೂ ಬೇರೆ ಬೇರೆಯಾಗಬಹುದೇ ಎಂಬ ಪ್ರಶ್ನೆ ಉಳಿಯಿತು. ಇದಕ್ಕೆ ಒಂದೇ ಕುಟುಂಬದ ತಂದೆ ಮಕ್ಕಳು ಎರಡು ಬಗೆಯ ಉತ್ತರ ಕೊಟ್ಟಿರುವರು. ತಗಡಿನ ಲಾಳಿಕೆಯೊಳಗೆ ಒಂದು ದೊಣ್ಣೆಮೆಣಸಿನಕಾಯಿಯನ್ನಿಟ್ಟು 1930 ರಲ್ಲಿ ಲೋಕಪ್ರಸಿದ್ಧವಾದ ಚಿತ್ರವನ್ನು ತೆಗೆದ ಎಡ್ವರ್ಡ್ ವೆಸ್ಟನ್ ಅವರು ಆಡಮ್ಸರ ಸಮಾನಧರ್ಮಿಗಳು. 1932 ರಲ್ಲಿ ‘ಎಫ್ 64’ ಎಂಬ ಮಂಡಲಿಯನ್ನು ಕೂಡಿ ಕಟ್ಟಿದವರು. ಕೈಕಾಲುಗಳನ್ನು ನಡುಗಿಸುವ ಪಾರ್ಕಿನ್ಸನ್ ರೋಗವು ಹಿಡಿದು, 1948 ರ ಬಳಿಕ ಅವರಿಂದ ಚಿತ್ರ ತೆಗೆಯಲಾಗಲಿಲ್ಲ. ಆಗ ಅವರು ತಮ್ಮ ನೆಗೆಟಿವುಗಳಲ್ಲಿ 800 ಕ್ಕೂ ಹೆಚ್ಚಿನವನ್ನು ಆರಿಸಿ, 1950 ರ ದಶಕದಲ್ಲಿ ತಮ್ಮ ಕಣ್ಣೆದುರಿಗೇ ಮಗ ಬ್ರೆಟ್ ಅವರಿಂದ ಪ್ರತಿಗಳನ್ನು ಮಾಡಿಸಿದರು. ತಂದೆಯ ಕಣ್ಣು, ಮಗನ ಕೈ. 1958 ರಲ್ಲಿ ಎಡ್ವರ್ಡ್ ಅವರು ತೀರಿಕೊಂಡ ಮೇಲೂ, ಅವರ ಇಚ್ಛೆಯಂತೆ ಇನ್ನೊಬ್ಬ ಮಗ ಕೋಲ್ ಅವರು ಆ ನೆಗೆಟಿವುಗಳಿಂದ ಪ್ರತಿಗಳನ್ನು ತೆಗೆಯುತ್ತ ಬಂದರು.

ಅದೇ ಬ್ರೆಟ್ ವೆಸ್ಟನ್ ಅವರು ತಾವೇ ದೊಡ್ಡ ಛಾಯಾಚಿತ್ರಕಾರರಾಗಿ ಹೆಸರು ಪಡೆದು, 1991 ರಲ್ಲಿ ತಮಗೆ ಎಂಬತ್ತು ವರ್ಷ ತುಂಬಿದ ದಿನ, ಬೆರಳೆಣಿಕೆಯ ಕೆಲವನ್ನು ಬಿಟ್ಟು ತಮ್ಮ ಜೀವಮಾನದ ನೆಗೆಟಿವುಗಳನ್ನು ಬೆಂಕಿಗೆ ಹಾಕಿದರು. ತಮ್ಮ ಚಿತ್ರಕ್ಕೆ ಬೇರೊಬ್ಬರು ಪ್ರತಿ ತೆಗೆಯುವುದು ಸಲ್ಲದೆಂಬುದು ಅವರ ಮತ. ಆಡಮ್ಸರ ಮಾರ್ಗ ಇದಕ್ಕೆ ವಿರುದ್ಧ. ಅರಿಜೋನ ವಿಶ್ವವಿದ್ಯಾಲಯದಲ್ಲಿ 1975 ರಲ್ಲಿ ಒಂದು ಛಾಯಾಚಿತ್ರ ಕೇಂದ್ರವು ಸ್ಥಾಪಿತವಾಗುವುದಕ್ಕೆ ಕಾರಣರಾಗಿ, ಮುಂದಿನ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಒದಗಲೆಂದು ತಮ್ಮ ನೆಗೆಟಿವುಗಳನ್ನು ಅಲ್ಲಿಗೆ ಒಪ್ಪಿಸಿದರು.

ಯಾರು ಸರಿ? ಬ್ರೆಟ್ ಅವರನ್ನು ನಾವು ನಿಂದಿಸಲಾರೆವು. ತಂದೆಯ ನೂರಾರು ನೆಗೆಟಿವುಗಳಿಗೆ ಭಾಷ್ಯ ಬರೆದವರಿಗೆ ಆ ಕೆಲಸದ ಕಷ್ಟವು ನಮಗಿಂತ ಚೆನ್ನಾಗಿ ಗೊತ್ತಿದ್ದಿತು. ಹಾಡುಗಾರನ ಕಂಠವು ಅವನೊಡನೆಯೇ ಹೋಗುವುದೆಂಬುದೂ ದಿಟವೇ. ಆದರೂ ಮಾಸ್ತರಿಕೆ ಮಾಡಿದವರ ಮನಸ್ಸು ಆಡಮ್ಸರ ಕಡೆಗೇ ಒಲಿಯುವುದು. ತನ್ನ ಅಭಿಪ್ರಾಯವನ್ನು ತಾನೊಬ್ಬನೇ ಬಲ್ಲೆನೆಂದು ಪಾಣಿನಿಯು ಸೂತ್ರಗಳನ್ನು ಸುಟ್ಟಿದ್ದರೆ ಕಾತ್ಯಾಯನನ ವಾರ್ತಿಕವೆಲ್ಲಿ, ಪತಂಜಲಿಯ ಮಹಾಭಾಷ್ಯವೆಲ್ಲಿ? ಭಾಷ್ಯವು ತಪ್ಪಿದರೆ ಇನ್ನೊಂದು ಭಾಷ್ಯವು ಅದನ್ನು ತಿದ್ದಬಹುದು. ಸೂತ್ರವು ಹೋದರೆ ತಿದ್ದುವುದಕ್ಕೆ ಏನೂ ಇರದು.

ಈ ವಿಚಾರವು ಗೃಹಸ್ಥರಾದ ನಮ್ಮ ಮನೆಗಳಿಗೂ ಸೇರಿದ್ದು. ಕೊಡಾಕ್ ಸಂಸ್ಥೆಯು 2005 ರಲ್ಲಿ ಕಪ್ಪು ಬಿಳುಪಿನ ಮುದ್ರಣದ ಕಾಗದವನ್ನು ತಯಾರಿಸುವುದನ್ನು ನಿಲ್ಲಿಸಿತು. ಇಂಗ್ಲೆಂಡಿನ ಇಲ್‌ಫೋರ್ಡ್ ಮುಂತಾದವರು ಇಂದಿಗೂ ತಯಾರಿಸುತ್ತಿದ್ದರೂ, ಊರೂರಿನ ಸ್ಟುಡಿಯೋಗಳ ಕತ್ತಲೆಯ ಕೋಣೆಗಳು ಬಹುಮಟ್ಟಿಗೆ ಮುಚ್ಚಿದುವು. ಆದರೆ ಅಲ್ಲಿ ಹುಟ್ಟಿದ ಅಜ್ಜ ಅಜ್ಜಿಯರ, ಮದುವೆ ಮುಂಜಿಗಳ ಚಿತ್ರಗಳೂ, ಅವುಗಳ ನೆಗೆಟಿವುಗಳೂ ಟ್ರಂಕಿನ ತಳದಲ್ಲಿ ಇನ್ನೂ ಉಳಿದಿರುವುವು. ಪ್ರತಿಯೊಂದಿದೆಯಲ್ಲಾ ಎಂದು ನೆಗೆಟಿವನ್ನು ಎಸೆಯುವುದು ಬೇಡ. ಹೈಪೋ ಚೆನ್ನಾಗಿ ತೊಳೆದುಹೋಗದ ಪ್ರತಿಯು ಕಾಲಕ್ರಮದಲ್ಲಿ ಹಳದಿಯಾಗಿ ಮಾಸುವುದು. ನೆಗೆಟಿವ್ ಚೆನ್ನಾಗಿದ್ದರೆ ಅದರಿಂದ ಇಂದಿಗೂ ಹೊಸ ಪ್ರತಿಯನ್ನು ತೆಗೆಯಿಸಬಹುದು, ಸ್ಕ್ಯಾನ್ ಮಾಡಿಸಿಯೂ ಇಡಬಹುದು.

ಕಾಪಾಡುವ ಬಗೆ ಕಷ್ಟದ್ದಲ್ಲ. ನೆಗೆಟಿವನ್ನು ಅಂಚಿನಲ್ಲಿಯೇ ಹಿಡಿಯಬೇಕು. ಬೆರಳಿನ ಜಿಡ್ಡು ತಾಗಿಸಬಾರದು. ಫಿಲ್ಮಿನ ಮೇಲಿನ ಲೇಪವು ಜೆಲಟಿನ್ ಎಂಬ ಅಂಟಾದ್ದರಿಂದ, ಮಳೆಗಾಲದ ತೇವ ತಾಗಿದರೆ ಬೂಷ್ಟು ಹಿಡಿಯುವುದು; ಒಂದೊಂದನ್ನೂ ಬೇರೆ ಬೇರೆ ಒಳ್ಳೆಯ ಕಾಗದದ ಲಕೋಟೆಯಲ್ಲಿ ಹಾಕಿ, ತೇವವೂ ಕಾವೂ ಇಲ್ಲದೆಡೆ ಇಡಬೇಕು. 1950 ರ ಹಿಂದಿನ ಫಿಲ್ಮುಗಳಲ್ಲಿ ಕೆಲವು ನೈಟ್ರೇಟಿನಿಂದ ಮಾಡಿದವಾಗಿರಬಹುದು. ಅವು ಬೇಗನೆ ಬೆಂಕಿ ಹಿಡಿಯುವಂಥವು. ಅಂಟಂಟಾಗಿ, ಘಾಟು ವಾಸನೆ ಬರುವಂಥವು ಕಂಡರೆ ಒಲೆ ದೀಪಗಳಿಂದ ದೂರ ಬೇರೆಯಾಗಿ ಇಟ್ಟು, ಬಲ್ಲವರಿಗೆ ತೋರಿಸಬೇಕು.

ಇನ್ನೊಂದು ಕೆಲಸವುಂಟು, ಅದಕ್ಕೆ ಕತ್ತಲೆಯ ಕೋಣೆಯಾಗಲಿ ಹೈಪೋ ಆಗಲಿ ಬೇಡ. ಹಳೆಯ ಚಿತ್ರದಲ್ಲಿ ನಿಂತವರು ಯಾರು, ಕುಳಿತವರು ಯಾರು, ಮಡಿಲಲ್ಲಿರುವ ಮಗು ಯಾರದು ಎಂಬುದನ್ನು ಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿರುವರು. ಅವರ ಪಕ್ಕದಲ್ಲಿ ಒಂದು ಮಧ್ಯಾಹ್ನ ಕುಳಿತು, ಕೇಳಿ, ಚಿತ್ರದ ಹಿಂಭಾಗದಲ್ಲಿ ಮೃದುವಾದ ಪೆನ್ಸಿಲಿನಿಂದ ಒತ್ತದೆ ಹೆಸರು ಬರೆದಿಡಿ. ಅದೂ ಒಂದು ಭಾಷ್ಯವೇ. ಅದನ್ನು ಬರೆಯಬಲ್ಲವರು ಇರುವಾಗಲೇ ಬರೆಸಿಕೊಳ್ಳಬೇಕು.